ಬರ್ಲಿನ್‌ಗೆ ಹೊಸದಾಗಿ ಬಂದಿರಾ? ಕೊಳ್ಳುವ ಮುಂಚೆ ಒಮ್ಮೆ ಕೇಳಿ

ಖಾಲಿ ಮನೆಯ ಕೀ ಕೈಗೆ ಬಂದ ದಿನವೇ ಎಲ್ಲರೂ ಅಂಗಡಿಗೆ ಓಡುತ್ತಾರೆ. ಸ್ವಲ್ಪ ತಡೆಯಿರಿ. ಇಲ್ಲಿ ಎಷ್ಟೋ ಸಾಮಾನು ಕೊಳ್ಳದೆಯೇ ಸಿಗುತ್ತದೆ. ಆದರೆ ಸುಮ್ನೆ ಕೊಟ್ಟದ್ದು, ಎರವಲು ಕೊಟ್ಟದ್ದು, ಬಾಡಿಗೆಗೆ ಕೊಟ್ಟದ್ದು ಮೂರೂ ಬೇರೆ. ಯಾವುದು ಯಾವುದು ಅಂತ ಮೊದಲೇ ತಿಳಿದುಕೊಳ್ಳಿ.

ಫುಟ್‌ಪಾತ್ ಮೇಲೆ ‘ತ್ಸು ಫರ್‌ಶೆಂಕನ್’ ಎಂದು ಬರೆದ ಡಬ್ಬ ಕಂಡರೆ, ಬೇಕಾದವರು ಒಯ್ಯಲಿ ಎಂದು ಇಟ್ಟದ್ದು. ಪಾತ್ರೆ, ಪುಸ್ತಕ, ಆಟಿಕೆ ಸಂಕೋಚವಿಲ್ಲದೆ ತನ್ನಿ. ಹಾಸಿಗೆ ಮಾತ್ರ ಬೇಡ, ತಿಗಣೆ ಕಾಟ. ಹಳೆಯ ಮೇಜು, ಕಪಾಟಿಗೆ ಕ್ಲೈನ್‌ಆನ್‌ಸೈಗನ್ ಆ್ಯಪ್ ನೋಡಿ. ವಸ್ತು ಕಣ್ಣಾರೆ ನೋಡದೆ ದುಡ್ಡು ಕಳಿಸಬೇಡಿ.

ಅದನ್ನು ಮನೆಗೆ ತರುವುದು ಹೇಗೆ? ಈ ಊರಲ್ಲಿ ನನಗೆ ತುಂಬಾ ಇಷ್ಟವಾದದ್ದು ಫ್ಲೊಟ್ಟೆ ಎಂಬ ಸೈಕಲ್ ಎರವಲು ಸೇವೆ. ಸೈಕಲ್ ಸವಾರರ ಸಂಘವಾದ ಎಡಿಎಫ್‌ಸಿ 2018ರಲ್ಲಿ ಶುರು ಮಾಡಿದ್ದು. ದೊಡ್ಡ ಪೆಟ್ಟಿಗೆ ಇರುವ ಸೈಕಲ್ಲನ್ನು ಆನ್‌ಲೈನಲ್ಲಿ ಬುಕ್ ಮಾಡಿ, ಹತ್ತಿರದ ಅಂಗಡಿಯಿಂದಲೋ ಲೈಬ್ರರಿಯಿಂದಲೋ ಒಯ್ಯಬಹುದು. ಬಾಡಿಗೆ ಇಲ್ಲ. ಕೈಲಾದಷ್ಟು ದೇಣಿಗೆ ಕೊಡಿ, ಸೈಕಲ್ ರಿಪೇರಿಗೂ ಖರ್ಚಿರುತ್ತದೆ ಅಲ್ವಾ? ಮೊದಲ ಸಲ ಮಕ್ಕಳನ್ನು ಕೂರಿಸಬೇಡಿ. ತಿರುವಿನಲ್ಲಿ ಹಿಡಿತ ಸಿಗಲು ಸ್ವಲ್ಪ ಹೊತ್ತು ಬೇಕು.

ಎರವಲು ತಂದದ್ದರ ಬಗ್ಗೆ ಒಂದು ಮಾತು. ನಾವು ಬಂದ ವರ್ಷ ಪಕ್ಕದ ಮನೆಯವರ ಡ್ರಿಲ್ ನನ್ನ ಕೈಯಿಂದ ಬಿದ್ದು ಒಡೆಯಿತು. ನಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ‘ಹಾಫ್ಟ್‌ಫ್ಲಿಕ್ಟ್’ ವಿಮೆ ಇದೆಯಲ್ಲ ಎಂದುಕೊಂಡಿದ್ದೆ. ಎರವಲು ವಸ್ತು ಆ ಪಾಲಿಸಿಯಲ್ಲಿ ಇರಲೇ ಇಲ್ಲ. ಹೊಸದು ತಂದುಕೊಟ್ಟೆ, ನಾಚಿಕೆಯೂ ಆಯಿತು. ನೀವು ವಿಮೆ ಮಾಡಿಸುವಾಗ ಇದನ್ನು ಕೇಳಿಯೇ ಸಹಿ ಹಾಕಿ. ಹಾಂ, ಭಾನುವಾರ ಗೋಡೆ ಕೊರೆಯುವ ಹಾಗಿಲ್ಲ.

ಕಾರ್ ಶೇರಿಂಗ್ ಎಂದು ಕರೆದರೂ ಅದು ಬಾಡಿಗೆಯೇ. ಅಪಘಾತವಾದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂದು ಮೊದಲು ಓದಿ. ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ. 12 ವರ್ಷ ಆಗದ, 150 ಸೆಂ.ಮೀ.ಗಿಂತ ಗಿಡ್ಡ ಇರುವ ಮಕ್ಕಳಿಗೆ ಮಕ್ಕಳ ಸೀಟು ಬೇಕೇ ಬೇಕು.

ಇನ್ನು ನಮ್ಮೊಳಗಿನದು. ಮನೆ ಸಾಗಿಸುವ ದಿನ ಮೊದಲೇ ತಿಳಿಸಿ, ಇಲ್ಲಿನ ನಮ್ಮ ಕನ್ನಡಿಗರ ಸಂಘದಿಂದ ನಾಲ್ಕು ಜನ ಬರುತ್ತಾರೆ. ಊರಿನ ಮುಯ್ಯಾಳಿನ ಹಾಗೆ, ಮುಂದಿನ ಮನೆಗೆ ನೀವೂ ಹೋಗಿ. ದೊಡ್ಡ ಇಡ್ಲಿ ಪಾತ್ರೆ, ಮಗುವಿನ ತೊಟ್ಟಿಲು ಸಂಘದಲ್ಲಿವೆ. ತೊಟ್ಟಿಲು ಈಗ ಖಾಲಿ ಇದೆ, ಬೇಕಾದವರು ಹೇಳಿ.