ಶಾಲೆಯ ಹಾಲ್‌ನಲ್ಲಿ ಸಾಂತಾನ ಗುಹೆ, ಕೈ ಸುಟ್ಟುಕೊಳ್ಳದೆ

ಇಂಗ್ಲೆಂಡಿನ ಪ್ರೈಮರಿ ಶಾಲೆಗೆ ಮಕ್ಕಳನ್ನು ಸೇರಿಸಿರುವ ನಮ್ಮ ಕಡೆಯ ಹುಡುಗಿಯರಿಂದ ನವೆಂಬರ್ ಹೊತ್ತಿಗೆ ನನಗೆ ಫೋನ್ ಬರೋದಕ್ಕೆ ಶುರುವಾಗುತ್ತದೆ. "ಆಂಟಿ, ಪಿಟಿಎ (ಪೋಷಕರು-ಶಿಕ್ಷಕರ ಸಂಘ) ಮೀಟಿಂಗ್‌ನಲ್ಲಿ ಸುಮ್ನೆ ಕೂತಿದ್ದೆ. ಕ್ರಿಸ್ಮಸ್ ಫೇರ್‌ನ ಗ್ರಾಟೊ ನನ್ನ ತಲೆಗೆ ಕಟ್ಟಿದ್ದಾರೆ. ಏನು ಮಾಡಲಿ?" ಗಾಬರಿ ಬೇಡ. ದಸರಾ ಗೊಂಬೆ ಕೂರಿಸಿದ ಮನೆಯಿಂದ ಬಂದವರಿಗೆ ಇದು ಕಷ್ಟದ ಕೆಲಸವೇ ಅಲ್ಲ. ಟ್ರಂಕು, ಡಬ್ಬ ಜೋಡಿಸಿ ಮೇಲೆ ಬಿಳಿ ಪಂಚೆ ಹೊದಿಸಿ ಮೆಟ್ಟಿಲು ಮಾಡೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗ್ರಾಟೊ ಅಂದರೆ ಸಾಂತಾ ಕೂತು ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಉಡುಗೊರೆ ಕೊಡುವ ಗುಹೆ. ದೊಡ್ಡ ಅಂಗಡಿಗಳು ಗಿರಾಕಿಗಳನ್ನು ಸೆಳೆಯಲು ಹುಟ್ಟುಹಾಕಿದ ಪದ್ಧತಿ ಇದು. ಲಿವರ್‌ಪೂಲಿನ ಲೂಯಿಸ್ ಅಂಗಡಿಯವರು 1879ರಲ್ಲೇ ಇಂಥದ್ದೊಂದು ಮಾಡಿದ್ದರು. ಅಂಗಡಿಯವರಿಗೆ ದುಡ್ಡಿತ್ತು, ಶಾಲೆಗೆ ಇಲ್ಲ. ಶಾಲೆ ಫೇರ್ ಮಾಡುವುದೇ ನಾಲ್ಕು ಕಾಸು ಕೂಡಿಸಲಿಕ್ಕೆ. ಅದನ್ನೆಲ್ಲ ಥರ್ಮೋಕೋಲ್ ಹಿಮಸಾರಂಗಕ್ಕೆ ಸುರಿದರೆ ಏನು ಬಂತು?

ನನ್ನನ್ನು ಕೇಳಿದರೆ ಅಲಂಕಾರಕ್ಕಿಂತ ಮುಖ್ಯವಾದದ್ದು ಒಂದು ತಿರುವು. ಬಾಗಿಲಲ್ಲಿ ನಿಂತ ಮಗುವಿಗೆ ಸಾಂತಾ ಕಾಣಬಾರದು. ಎರಡು ಹೆಜ್ಜೆ ಕತ್ತಲಲ್ಲಿ ನಡೆದು, ಒಂದು ಕಡೆ ತಿರುಗಿ, ಆಮೇಲೆ ಬೆಳಕಲ್ಲಿ ಕೂತ ಕೆಂಪಂಗಿಯ ಅಜ್ಜ ಕಾಣಬೇಕು. ಆ ತಿರುವು ಇದ್ದರೆ ಹಳೇ ಬೆಡ್‌ಶೀಟೂ ಗುಹೆಯಾಗುತ್ತದೆ. ಅದಿಲ್ಲದಿದ್ದರೆ ಇನ್ನೂರು ಪೌಂಡ್ ಸಾಮಾನು ತಂದು ನೇತುಹಾಕಿದರೂ ಅದು ಶಾಲೆಯ ಊಟದ ಹಾಲ್ ಅಷ್ಟೇ.

ತಿರುವಿಗೆ ಬೇಕಾದದ್ದು ಶಾಲೆಯಲ್ಲೇ ಇರುತ್ತದೆ. ಮಕ್ಕಳ ಚಿತ್ರ ಅಂಟಿಸುವ, ಕಾಲಿರುವ ಡಿಸ್‌ಪ್ಲೇ ಬೋರ್ಡುಗಳನ್ನು ಎಲ್ ಆಕಾರದಲ್ಲಿ ನಿಲ್ಲಿಸಿ. ದಾರಿ ಒಂದು ಮೀಟರಿಗೆ ಕಡಿಮೆ ಬೇಡ, ವೀಲ್‌ಚೇರು, ಮಗುವಿನ ತಳ್ಳುಗಾಡಿ ಎರಡೂ ಹೋಗಬೇಕಲ್ವಾ. ಒಳಗೆ ಹೋಗಲು ಒಂದು ಬಾಗಿಲು, ಹೊರಗೆ ಬರಲು ಇನ್ನೊಂದು. ಉಡುಗೊರೆ ಹಿಡಿದು ಬರುವ ಮಗು ಸಾಲಿಗೆ ಎದುರಾದರೆ ಗಲಾಟೆ ತಪ್ಪಿದ್ದಲ್ಲ.

ಗುಹೆಯ ಮೈಗೆ ಗೆಜೆಬೊ ಸಾಕು. ಬೇಸಿಗೆಯಲ್ಲಿ ಬಾರ್ಬೆಕ್ಯೂಗೆ ಬಿಚ್ಚುವ ಮೂರು ಮೀಟರ್ ಚೌಕದ ಡೇರೆ. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಯಾರಾದರೊಬ್ಬರ ಶೆಡ್ಡಿನಲ್ಲಿ ಇದ್ದೇ ಇರುತ್ತದೆ. ಹಾಲ್‌ನ ನೆಲಕ್ಕೆ ಗೂಟ ಹೊಡೆಯುವ ಹಾಗಿಲ್ಲ. ಅದಕ್ಕೆ ನಾಲ್ಕು ಪೈಂಟಿನ ಹಾಲಿನ ಕ್ಯಾನುಗಳಲ್ಲಿ ನೀರು ತುಂಬಿ ಒಂದೊಂದು ಕಾಲಿಗೆ ಎರಡೆರಡು ಕಟ್ಟಿ. ಸುತ್ತ ಗಾಢ ಬಣ್ಣದ ಹಳೇ ಚಾದರ, ಪರದೆ ಇಳಿಬಿಟ್ಟು ಕೇಬಲ್ ಟೈ ಹಾಕಿ ಬಿಗಿಯಿರಿ. ಸೂರಿಗೆ ನಿಮ್ಮ ಹಳೇ ನೀಲಿ ಸೀರೆ ಎರಡು ಸಾಕು. ಸೀರೆಯ ಮೇಲೆ, ಅಂದರೆ ಸೀರೆಗೂ ಡೇರೆಯ ಬಟ್ಟೆಗೂ ನಡುವೆ, ಬ್ಯಾಟರಿಯ ಸಣ್ಣ ಎಲ್‌ಇಡಿ ಸರ ಹರಡಿ. ಕೆಳಗಿನಿಂದ ವೈರು ಕಾಣಲ್ಲ, ಚುಕ್ಕಿ ಮಾತ್ರ ಕಾಣುತ್ತವೆ. ಸೀರೆ ಕೊಡಲು ಮನಸ್ಸಿಲ್ಲದಿದ್ದರೆ ಆಟೋಟದ (ಪಿಇ) ಬೀರುವಿನಲ್ಲಿ ಮಕ್ಕಳು ಆಟಕ್ಕೆ ಹಿಡಿಯುವ ದೊಡ್ಡ ಪ್ಯಾರಾಚೂಟ್ ಇರುತ್ತದೆ, ಕೇಳಿ ನೋಡಿ.

ಇದೆಲ್ಲ ಕಟ್ಟುವ ಮೊದಲು ಕೇರ್‌ಟೇಕರ್ ಹತ್ತಿರ ಮಾತಾಡಿ. ಶಾಲೆಯಲ್ಲಿ ಹೆಡ್‌ಟೀಚರಿಗಿಂತ ಅವರ ಸ್ನೇಹ ಮುಖ್ಯ, ಇದು ನನ್ನ ಅನುಭವದ ಮಾತು. ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲು ಯಾವುದು, ಅದಕ್ಕೆ ಅಡ್ಡ ಬರದೆ ಗೆಜೆಬೊ ಎಲ್ಲಿ ನಿಲ್ಲಿಸಬೇಕು, ಮನೆಯ ಬಟ್ಟೆ ಕಟ್ಟಬಹುದೋ ಅಥವಾ ಬೇಗ ಹೊತ್ತಿಕೊಳ್ಳದ ಬಟ್ಟೆಯೇ ಬೇಕೋ, ಎಲ್ಲ ಅವರಿಗೆ ಗೊತ್ತು. ಮನೆಯಿಂದ ತಂದ ಪ್ಲಗ್ ದೀಪ ಹಚ್ಚಬೇಕಾದರೆ ಅದನ್ನು ಪರೀಕ್ಷೆ ಮಾಡಿಸಿದ ಚೀಟಿ ಇರಬೇಕು ಅಂತ ಬಹಳ ಶಾಲೆಗಳು ಕೇಳುತ್ತವೆ. ಬ್ಯಾಟರಿ ದೀಪಕ್ಕೆ ಆ ರಗಳೆ ಇಲ್ಲ, ಬಿಸಿಯೂ ಆಗಲ್ಲ. ಮೇಣದಬತ್ತಿಯ ಮಾತೇ ಬೇಡ. ಹಿಮಕ್ಕೆ ಅಂತ ಹತ್ತಿ ಹರಡುವ ಅಭ್ಯಾಸ ಕೆಲವರಿಗಿದೆ. ಹತ್ತಿ ಕಿಡಿ ತಾಗಿದರೆ ಭಗ್ ಅನ್ನುತ್ತದೆ, ಅದೂ ಬೇಡ. ಖಾಲಿ ರಟ್ಟಿನ ಪೆಟ್ಟಿಗೆ ಎತ್ತರ ತಗ್ಗಾಗಿ ಜೋಡಿಸಿ ಬಿಳಿ ಶೀಟು ಹೊದಿಸಿ, ಅದೇ ಹಿಮದ ದಿಬ್ಬ. ಗ್ಲಿಟರ್ ಅಂತೂ ಮುಟ್ಟಲೇಬೇಡಿ. ಈಸ್ಟರ್ ಬಂದರೂ ಹಾಲ್‌ನ ನೆಲದಿಂದ ಹೋಗಲ್ಲ.

ಬಂಡೆ ಮಾಡುವುದರಲ್ಲಿ ನನಗೆ ಖುಷಿ ಜಾಸ್ತಿ. ಆನ್‌ಲೈನ್ ಪಾರ್ಸಲ್ಲಿನಲ್ಲಿ ತುರುಕಿ ಕಳಿಸುವ ಕಂದು ಕಾಗದ ಅಕ್ಟೋಬರಿನಿಂದಲೇ ಎತ್ತಿಡಿ. ಅದನ್ನು ಮುದ್ದೆ ಮಾಡಿ, ಬಿಡಿಸಿ, ಮತ್ತೆ ಮುದ್ದೆ ಮಾಡಿ. ಮೂರನೇ ಸಲಕ್ಕೆ ಕಾಗದ ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತದೆ. ಡಿಸ್‌ಪ್ಲೇ ಬೋರ್ಡಿಗೆ ಪಿನ್ ಹೊಡೆಯುವಾಗ ಎಳೆದು ಬಿಗಿಮಾಡಬೇಡಿ, ಉಬ್ಬುತಗ್ಗು ಹಾಗೇ ಇರಲಿ. ಆಮೇಲೆ ಪಾತ್ರೆ ತೊಳೆಯುವ ಸ್ಪಂಜನ್ನು ಬೂದು ಬಣ್ಣಕ್ಕೆ ಅದ್ದಿ, ಹಳೇ ಪೇಪರಿನ ಮೇಲೆ ಒತ್ತಿ ಮುಕ್ಕಾಲು ಬಣ್ಣ ತೆಗೆದುಬಿಡಿ. ಆ ಒಣಕಲು ಸ್ಪಂಜನ್ನು ಕಾಗದದ ಮೇಲೆ ಹಗುರವಾಗಿ ಸವರಿದರೆ ಬಣ್ಣ ಏಣುಗಳಿಗೆ ಮಾತ್ರ ಹತ್ತುತ್ತದೆ, ಗುಳಿಗಳು ಕಂದಾಗೇ ಉಳಿಯುತ್ತವೆ. ಬೂದು ಒಣಗಿದ ಮೇಲೆ ತುದಿಗಳಿಗಷ್ಟೇ ಚೂರು ಬಿಳಿ. ಒಂದು ದೀಪವನ್ನು ನೆಲದ ಹತ್ತಿರ ಪಕ್ಕಕ್ಕಿಟ್ಟು ನೋಡಿ, ನಿಮಗೇ ಮುಟ್ಟಿ ನೋಡೋಣ ಅನ್ನಿಸುತ್ತದೆ.

ಹಸಿರಿಗೆ ದುಡ್ಡು ಕೊಡಬೇಡಿ. ಕ್ರಿಸ್ಮಸ್ ಮರ ಮಾರುವವರು ಬುಡದ ಕೊಂಬೆ ಕತ್ತರಿಸಿ ಗುಡ್ಡೆ ಹಾಕಿರುತ್ತಾರೆ, ಕೇಳಿದರೆ ಕೊಡುತ್ತಾರೆ. ನಾರ್ಡ್‌ಮನ್ ಫರ್ ಸಿಕ್ಕರೆ ಒಳ್ಳೇದು. ನಾರ್ವೇ ಸ್ಪ್ರೂಸ್ ಘಮ ಚೆನ್ನ, ಆದರೆ ಹಾಲ್‌ನ ಹೀಟಿಂಗಿಗೆ ಸೂಜಿಯೆಲ್ಲ ಉದುರುತ್ತದೆ. ಕಾಗದದ ಹಿಮಹರಳನ್ನು ಮೂರನೇ ಕ್ಲಾಸಿನ ಮಕ್ಕಳೇ ಕತ್ತರಿಸುತ್ತಾರೆ. ಎಂಟು ಮೂಲೆ ಬರುವ ಹಾಗೆ ಮಡಚಲು ಬಿಡಬೇಡಿ, ನಿಜವಾದ ಹಿಮಹರಳಿಗೆ ಆರೇ. ಚೌಕದ ಕಾಗದವನ್ನು ತ್ರಿಕೋನ ಮಾಡಿ, ಇನ್ನೊಮ್ಮೆ ಅರ್ಧ ಮಡಚಿ, ಆಮೇಲೆ ಮೂರು ಸಮಪಾಲಾಗಿ ಮಡಚಿ ಕತ್ತರಿ ಹಾಕಲಿ. ಹಾಲಿನ ಕ್ಯಾನುಗಳಲ್ಲಿ ಇಗ್ಲೂ ಕಟ್ಟೋಣ ಅಂತ ಯಾರಾದರೂ ಹೊರಟರೆ ಮೆಲ್ಲಗೆ ತಪ್ಪಿಸಿ. ನೂರಾರು ಕ್ಯಾನು ಬೇಕು, ಸರಿಯಾಗಿ ತೊಳೆಯದ ನಾಲ್ಕೇ ನಾಲ್ಕು ಸಾಕು ಹುಳಿ ನಾತಕ್ಕೆ. ಮುಚ್ಚಳಗಳನ್ನು ಮಾತ್ರ ಇಟ್ಟುಕೊಳ್ಳಿ. ಪೋಣಿಸಿದರೆ ಬಾಗಿಲಿಗೆ ಒಳ್ಳೇ ತೋರಣ.

ಇನ್ನು ಸಾಂತಾ. ಶಾಲೆಯಲ್ಲಿ ಮಗುವಿರುವ ಅಪ್ಪಂದಿರು ಬೇಡ. ಗಡ್ಡ ಹಾಕಿದರೂ ವಾಚು, ಬೂಟು ಕಾಣುತ್ತದೆ. ನಾಲ್ಕು ವರ್ಷದ ಒಂದು ಹುಡುಗಿ ಉಡುಗೊರೆಯ ಕಡೆ ನೋಡದೆ ಕೆಳಗೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ, "ನಮ್ಮಪ್ಪನ ಶೂ ಯಾಕೆ ಹಾಕ್ಕೊಂಡಿದೀಯ?" ಅಂದಳು. ವಾಚು ತೆಗೆಸಿ, ಬೂಟಿನ ಮೇಲೆ ಕಪ್ಪು ಫೆಲ್ಟ್ ಸುತ್ತಿ. ನಮ್ಮವರಲ್ಲಿ ರಿಟೈರಾದ ಮಾವಂದಿರು ಮೊಮ್ಮಕ್ಕಳನ್ನು ನೋಡಲು ಬಂದಿರುತ್ತಾರಲ್ಲ, ಅವರನ್ನೂ ಕೂರಿಸಬಹುದು. ಹಾಸನದ ಇಂಗ್ಲಿಷಿನಲ್ಲಿ 'ಹೋ ಹೋ ಹೋ' ಅಂದರೆ ಯಾವ ಮಗುವೂ ಬೇಡ ಅನ್ನಲ್ಲ. ಸೂಟಿನೊಳಗೆ ಸೆಕೆ ವಿಪರೀತ, ಪಕ್ಕದಲ್ಲಿ ಸ್ಟ್ರಾ ಹಾಕಿದ ನೀರಿನ ಬಾಟಲಿ ಇರಲಿ. ಲೋಟದಲ್ಲಿ ಕುಡಿದರೆ ಗಡ್ಡ ಒದ್ದೆಯಾಗುತ್ತದೆ. ಇಡೀ ಗುಹೆಯಲ್ಲಿ ಚೆನ್ನಾದ ಬೆಳಕು ಬೀಳಬೇಕಾದದ್ದು ಅವರ ಮುಖದ ಮೇಲೆ. ಕತ್ತಲಲ್ಲಿ ಬರೀ ಗಡ್ಡ ಕಂಡರೆ ಪುಟ್ಟ ಮಕ್ಕಳು ಕಿರುಚಿಕೊಳ್ಳುತ್ತವೆ.

ಮಗುವಿನ ಜೊತೆ ಮನೆಯವರು ಯಾರಾದರೂ ಒಳಗೆ ಬರಲೇಬೇಕು. ಎಲ್ಫ್, ಅಂದರೆ ಸಾಂತಾನ ಪುಟ್ಟ ಸಹಾಯಕನ, ವೇಷದಲ್ಲಿ ಇನ್ನೊಬ್ಬ ದೊಡ್ಡವರೂ ಅಲ್ಲೇ ಇರಲಿ. ತೊಡೆ ಮೇಲೆ ಕೂರಿಸುವುದು ಬೇಡ, ಪಕ್ಕಕ್ಕೆ ಮೊರದಗಲದ ಸ್ಟೂಲ್ ಹಾಕಿ. ಬಾಗಿಲ ಎಲ್ಫ್ ಮಗುವಿನ ಹೆಸರು ಬರೆದ ಚೀಟಿಯನ್ನು ಮೊದಲೇ ಸಾಂತಾನಿಗೆ ದಾಟಿಸಿದರೆ, ಹೆಸರು ಹಿಡಿದು ಕರೆದಾಗ ಆ ಮುಖ ನೋಡಬೇಕು ನೀವು! ಸೈಕಲ್ ಕೊಡ್ತೀನಿ, ಐಪ್ಯಾಡ್ ಕೊಡ್ತೀನಿ ಅಂತ ಸಾಂತಾ ಮಾತು ಕೊಡಬಾರದು. ಅಮ್ಮ ಅಪ್ಪ ಹೇಗಿದ್ದಾರೆ ಅಂತಲೂ ಕೇಳಬಾರದು, ಎಲ್ಲರ ಮನೆಯಲ್ಲೂ ಇಬ್ಬರೂ ಇರುವುದಿಲ್ಲ. 'ಮನೆಯಲ್ಲಿ ಯಾರ್ಯಾರಿದ್ದೀರಿ?' ಅಂದರೆ ಸಾಕು.

ಲೆಕ್ಕಕ್ಕೆ ಬರೋಣ. ಒಂದು ಮಗುವಿಗೆ ಮೂರು ನಿಮಿಷ ಅಂದರೆ ಎರಡು ಗಂಟೆಯಲ್ಲಿ 40 ಮಕ್ಕಳು, ಅದಕ್ಕಿಂತ ಆಗಲ್ಲ. ಅದಕ್ಕೆ ಹೊತ್ತು ಬರೆದ ಟಿಕೆಟ್ಟನ್ನು ಮೊದಲೇ ಮಾರಿ. ಟಿಕೆಟ್ 3 ಪೌಂಡ್ ಇಟ್ಟರೆ 120 ಬಂತು. ಉಡುಗೊರೆ ಒಂದಕ್ಕೆ 1 ಪೌಂಡಿನಂತೆ 40, ಸಾಮಾನಿಗೆ 30 ಹೋದರೂ ಶಾಲೆಗೆ 50 ಉಳಿಯಿತು. ಮುಂದಿನ ವರ್ಷ ಆ 30ರ ಖರ್ಚು ಹೆಚ್ಚುಕಡಿಮೆ ಬೀಳುವುದೇ ಇಲ್ಲ. ದೀಪದ ಸರವನ್ನು ಹ್ಯಾಲೋವೀನ್ ಮುಗಿದ ಮಾರನೇ ದಿನ ಅಥವಾ ಜನವರಿ ಸೇಲಿನಲ್ಲಿ ಕೊಳ್ಳಿ, ಬೆಲೆ ಇಳಿದಿರುತ್ತದೆ.

ಉಡುಗೊರೆಗೆ ಪ್ಲಾಸ್ಟಿಕ್ ಕಸ ಬೇಡ. ಮಕ್ಕಳ ಪುಸ್ತಕದ ಸೆಟ್ ತಂದು ಬಿಡಿಬಿಡಿಯಾಗಿ ಕಟ್ಟಿದರೆ ಒಂದಕ್ಕೆ ಪೌಂಡಿನ ಆಸುಪಾಸು ಬೀಳುತ್ತದೆ. ಬಣ್ಣದ ಪೆನ್ಸಿಲ್, ಬೀಜದ ಪೊಟ್ಟಣವೂ ಆಗುತ್ತದೆ. ತಿಂಡಿ ಇಡುವುದಾದರೆ ನಟ್ಸ್ ಇರಕೂಡದು. ಬಹಳಷ್ಟು ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ, ನಮ್ಮ ಸಸ್ಯಾಹಾರಿ ಮಕ್ಕಳಿಗೂ ಆಗಲ್ಲ, ಎಷ್ಟೋ ಮುಸ್ಲಿಂ ಮನೆಗಳಲ್ಲೂ ಆಗಲ್ಲ. ಮೂರು ವರ್ಷದೊಳಗಿನ ತಮ್ಮ ತಂಗಿಯರೂ ಬರುತ್ತಾರೆ, ಅವರ ಪೊಟ್ಟಣದಲ್ಲಿ ಸಣ್ಣ ಚೂರುಗಳಿರಬಾರದು. ಬಟನ್ ಬ್ಯಾಟರಿಯ ಮಿಣುಕು ಆಟಿಕೆ ಯಾರಿಗೂ ಬೇಡ, ನುಂಗಿದರೆ ಪ್ರಾಣಕ್ಕೇ ಅಪಾಯ. ಗಂಡು ಹೆಣ್ಣು ಅಂತ ಬೇರೆ ಮಾಡದೆ ವಯಸ್ಸಿಗೊಂದು ಬಣ್ಣದ ಸ್ಟಿಕರ್ ಹಾಕಿ. ಸುತ್ತುವ ಕಾಗದ ಮುದುಡಿದಾಗ ಮುದುಡಿದ ಹಾಗೇ ಉಳಿದರೆ ರೀಸೈಕಲ್ ಡಬ್ಬಿಗೆ ಹೋಗುತ್ತದೆ. ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಬೆರೆತಿದೆ ಅಂತ ತಿಳಿಯಿರಿ.

ಫೇರ್ ಶುಕ್ರವಾರ ಇದ್ದರೆ ಮಧ್ಯಾಹ್ನದ ಊಟ ಮುಗಿಯುವ ತನಕ ಹಾಲ್ ನಿಮ್ಮ ಕೈಗೆ ಸಿಗಲ್ಲ. ಬಂಡೆಯ ಬೋರ್ಡು, ತೋರಣ ಎಲ್ಲ ಹಿಂದಿನ ದಿನವೇ ತಯಾರಿರಲಿ, ನಿಲ್ಲಿಸುವುದು ಕಟ್ಟುವುದಷ್ಟೇ ಉಳಿದಿರಬೇಕು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುವುದರಿಂದ ಕಿಟಕಿ ಮುಚ್ಚುವ ಕೆಲಸ ತಪ್ಪಿತು. ನೆಲಕ್ಕೆ ಮಾಸ್ಕಿಂಗ್ ಟೇಪ್ ಮಾತ್ರ, ಗಟ್ಟಿ ಟೇಪು ಕಿತ್ತರೆ ವಾರ್ನಿಷ್ ಜೊತೆಗೇ ಬರುತ್ತದೆ. ಬಿಚ್ಚುವಾಗ ಎಲ್ಲ ದೀಪದ ಬ್ಯಾಟರಿ ತೆಗೆದಿಡಿ, ಇಲ್ಲದಿದ್ದರೆ ಒಳಗೇ ಸೋರಿ ಸರ ಹಾಳಾಗುತ್ತದೆ. ಬಂಡೆಯ ಕಾಗದವನ್ನು ಮಡಚಬೇಡಿ, ಸಡಿಲವಾಗಿ ಸುತ್ತಿ ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆಯ ಮೇಲೆ ಏನೇನಿದೆ, ಗೆಜೆಬೊ ಯಾರ ಮನೆಯದು, ಯಾವುದು ಸಾಲಲಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ಮುಂದಿನ ನವೆಂಬರಿನಲ್ಲಿ ಈ ಕೆಲಸ ಯಾರ ತಲೆಗೆ ಬರುತ್ತದೋ ಏನೋ.