ಪ್ರಚಾರದ ದುಡ್ಡನ್ನು ಶೂಟಿಂಗ್‌ಗೆ ಮೊದಲೇ ಎತ್ತಿಟ್ಟೆ

ಶೂಟಿಂಗ್ ಎರಡು ದಿನ ಹೆಚ್ಚಾದರೂ ಎಲ್ಲರೂ ಮೊದಲು ಕೈ ಹಾಕುವುದು ಪ್ರಚಾರದ ದುಡ್ಡಿಗೆ. ನಿರ್ಮಾಣ, ಮಾರ್ಕೆಟಿಂಗ್ ಎರಡನ್ನೂ ನೋಡಿಕೊಂಡ ಮೂರು ಚಿತ್ರಗಳಲ್ಲಿ ಹೀಗೇ ಆಯಿತು. ನಾಲ್ಕನೆಯದಕ್ಕೆ ಒಟ್ಟು ಬಜೆಟ್ಟಿನ ನೂರಕ್ಕೆ 18ರಷ್ಟನ್ನು ಬೇರೆ ಖಾತೆಗೆ ಹಾಕಿಸಿ, ಇಬ್ಬರ ಸಹಿ ಇಲ್ಲದೆ ತೆಗೆಯಲಾಗದಂತೆ ಮಾಡಿದೆ. ‘ಕ್ಯಾಮೆರಾನೇ ನಿಂತರೆ ಪೋಸ್ಟರ್ ಯಾವುದಕ್ಕೆ ಮಾಡ್ತೀರಿ?’ ಅಂತ ಶೂಟಿಂಗ್ ಖರ್ಚು ನೋಡಿಕೊಳ್ಳುವ ಲೈನ್ ಪ್ರೊಡ್ಯೂಸರ್ ಕೇಳಿದರು. ಕ್ಯಾಮೆರಾ ನಿಲ್ಲಲಿಲ್ಲ. ಬೇರೆ ದುಡ್ಡಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದುದರಿಂದ, ಆಕಸ್ಮಿಕ ಖರ್ಚಿಗೆ ಇಟ್ಟಿದ್ದ ನೂರಕ್ಕೆ 10ರಷ್ಟರಲ್ಲೇ ಎಲ್ಲ ಮುಗಿಯಿತು.

ಎತ್ತಿಟ್ಟ ಹಣದಲ್ಲಿ ಮೊದಲ ಖರ್ಚು ಪೋಸ್ಟರ್, ಪ್ರಚಾರಕ್ಕೆ ಸೆಟ್ಟಿನಲ್ಲಿ ಫೋಟೋ ತೆಗೆಯುವ ಸ್ಟಿಲ್ ಫೋಟೋಗ್ರಾಫರ್‌ದು. ಸಾಮಾನ್ಯವಾಗಿ ನಾಲ್ಕೈದು ದಿನ ಕರೆಸುತ್ತೇವೆ. ಈ ಸಲ 38 ದಿನಗಳ ಶೂಟಿಂಗ್‌ನಲ್ಲಿ 20 ದಿನ ಇಟ್ಟುಕೊಂಡೆ. ಮೊದಲ ವಾರದ ಐನೂರು, ಆರುನೂರು ಫೋಟೋ ನೀರಲ್ಲಿ ಹೋಮ ಮಾಡಿದಂತಾಯಿತು. ಟೇಕ್ ನಡೆಯುವಾಗ ಸದ್ದಾಗಬಾರದೆಂದು ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದ್ದೆವು. ಎಲ್‌ಇಡಿ ಲೈಟಿನ ಮಿನುಗಿನಿಂದ ನಟರ ಮುಖದ ಮೇಲೆ ಅಡ್ಡಡ್ಡ ಪಟ್ಟೆ. ಕ್ಯಾಮೆರಾದೊಳಗಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವಷ್ಟರಲ್ಲಿ ಲೈಟು ಹಲವು ಸಲ ಮಂಕಾಗಿ ಬೆಳಗಿರುತ್ತದೆ. ಶಟರ್ ವೇಗವನ್ನು 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿನ 1/50 ಅಥವಾ 1/100, 60 ಹರ್ಟ್ಸ್‌ನಲ್ಲಿ 1/60 ಅಥವಾ 1/120 ಇಟ್ಟರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ಡಿಮ್ಮರ್ ಹಾಕಿದ ಎಲ್‌ಇಡಿ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಒಂದು ಫೋಟೋ ತೆಗೆದು ಅಲ್ಲೇ ದೊಡ್ಡದು ಮಾಡಿ ಕೆನ್ನೆಯ ಭಾಗ ನೋಡಿ.

ಆಮೇಲೆ ದಾರಿ ಬದಲಿಸಿದೆ. ಟೇಕ್ ಓಕೆ ಆಗಿ ಲೈಟ್ ಕದಲಿಸುವ ಮುಂಚೆ ಸ್ಟಿಲ್ಸ್‌ಗೆ 3 ನಿಮಿಷ, ಸದ್ದು ಮಾಡುವ ಮೆಕ್ಯಾನಿಕಲ್ ಶಟರ್‌ನಲ್ಲಿ. ಬಾಯಿಮಾತಲ್ಲಿ ಕೇಳಿದಾಗ ಒಂದು ದಿನವೂ ಸಿಗದ ಆ 3 ನಿಮಿಷ, ದಿನದ ಕೆಲಸದ ಪಟ್ಟಿಯಾದ ಕಾಲ್ ಶೀಟಿನಲ್ಲಿ ಅಚ್ಚಾದ ಮೇಲೆ ತಾನಾಗಿ ಸಿಕ್ಕಿತು. ದಿನಕ್ಕೆ ಆರು ದೃಶ್ಯ ಅಂದರೂ ಹೋಗುವುದು 18 ನಿಮಿಷ. ಅಂತಿಮ ಪೋಸ್ಟರ್ ಹೀಗೆ ತೆಗೆದ ಫೋಟೋದಿಂದಲೇ ಬಂತು. ಬೇರೆ ಫೋಟೋಶೂಟ್ ಖರ್ಚು ಪೂರ್ತಿ ಉಳಿಯಿತು.

ಇದರ ನಡುವೆ ಮೊಬೈಲ್‌ಗಾಗಿ ಸಿನಿಮಾದ ಶಾಟ್‌ಗಳನ್ನೇ ಉದ್ದಕ್ಕೆ ಕತ್ತರಿಸಿ ನೋಡಿದೆವು. ಕೆಲಸಕ್ಕೆ ಬರಲಿಲ್ಲ. ಸಿನಿಮಾದ ಅಗಲವಾದ ಸ್ಕೋಪ್ ಫ್ರೇಮಿನಿಂದ ಮೊಬೈಲಿನ ನಿಲುವಿನ ಅಳತೆ 9:16 ತೆಗೆದರೆ ಅಗಲದಲ್ಲಿ ಕಾಲು ಭಾಗವೂ ಉಳಿಯದು, ಇಬ್ಬರು ಮಾತಾಡುವ ಶಾಟ್‌ನಲ್ಲಿ ಒಬ್ಬರು ಮಾಯ. ಕೊನೆಗೆ ಅದೇ 3 ನಿಮಿಷದಲ್ಲಿ ಫೋನ್ ನಿಲ್ಲಿಸಿ ಹತ್ತು ಹತ್ತು ಸೆಕೆಂಡ್ ಬೇರೆಯಾಗಿ ತೆಗೆದೆವು.

ಎಡಿಟಿಂಗ್‌ನ ಮೊದಲ ಕರಡಾದ ರಫ್ ಕಟ್ಟನ್ನು ಮೊದಲು ತೋರಿಸಿದ್ದು ತಂಡದವರ ಮನೆಯವರಿಗೆ. ಎಲ್ಲರೂ ಹೊಗಳಿದರು, ಕಲಿತದ್ದು ಸೊನ್ನೆ. ಆಮೇಲೆ ಪರಿಚಯವೇ ಇಲ್ಲದ 30 ಜನರನ್ನು ಕೂರಿಸಿದೆ. ‘ಸ್ನೇಹಿತರಿಗೆ ನೋಡಿ ಅಂತ ಹೇಳುತ್ತೀರಾ?’ ಎಂಬ ಪ್ರಶ್ನೆಗೆ ಐದು ಉತ್ತರಗಳು. ನಾನು ಎಣಿಸುವುದು ‘ಖಂಡಿತ’ ಒಂದನ್ನೇ. ‘ಹೇಳಬಹುದು’ ಅಂದವರು ಯಾರಿಗೂ ಹೇಳುವುದಿಲ್ಲ. ಬಂದದ್ದು ಏಳೋ ಎಂಟೋ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಯಾವ ನಿಮಿಷಕ್ಕೆ ಎಷ್ಟು ಫೋನ್ ಬೆಳಗುತ್ತವೆ ಅಂತ ಬರೆಸಿದ್ದೆ. 41ನೇ ನಿಮಿಷದಿಂದ ಮುಂದಕ್ಕೆ ಹಾಲ್ ತುಂಬ ಬೆಳಕು. ಅಲ್ಲಿ 11 ನಿಮಿಷ ಕತ್ತರಿಸಿ ಹೊಸ 30 ಜನರಿಗೆ ತೋರಿಸಿದಾಗ ‘ಖಂಡಿತ’ 15 ದಾಟಿತು. 

ದುಡ್ಡು ಸೋರಿದ್ದು ಟ್ರೇಲರ್‌ನಲ್ಲಿ. ಚಿತ್ರದೊಳಗಿನ ಒಂದು ಹಳೆಯ ಹಾಡಿಗೆ ಹಕ್ಕು ಪಡೆದಿದ್ದೆವು. ಒಪ್ಪಂದದಲ್ಲಿ ಜಾಹೀರಾತಿನ ಬಳಕೆ ಸೇರಿರಲಿಲ್ಲ. ಟ್ರೇಲರ್ ಸಿದ್ಧವಾದ ಮೇಲೆ ಕೇಳಲು ಹೋದರೆ ಮೊದಲಿನದರ ಒಂದೂವರೆ ಪಟ್ಟು ಬೆಲೆ. ಎರಡನ್ನೂ ಒಟ್ಟಿಗೆ, ಎಡಿಟಿಂಗ್‌ಗೆ ಮುಂಚೆ ಕೇಳಬೇಕಿತ್ತು.

ಚಿತ್ರಮಂದಿರಕ್ಕೆ ಕಳಿಸುವ ಸಿನಿಮಾದ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ, ಎಲ್ಲ ಕಡೆ ಸಮಯಕ್ಕೆ ತಲುಪಿತು, ಕೈಕೊಟ್ಟಿದ್ದು ಅದನ್ನು ತೆರೆಯುವ ಡಿಜಿಟಲ್ ಕೀ, ಕೆಡಿಎಂ. ಒಂದು ಚಿತ್ರಮಂದಿರದವರು ಸಿನಿಮಾ ಓಡಿಸುವ ಸರ್ವರ್ ಬದಲಿಸಿದ್ದನ್ನು ತಿಳಿಸಿರಲಿಲ್ಲ. ಕೀ ಹಳೆಯ ಸರ್ವರ್‌ನ ಡಿಜಿಟಲ್ ಗುರುತಾದ ಸರ್ಟಿಫಿಕೇಟಿಗೆ ತಯಾರಾದದ್ದು, ಹಾಗಾಗಿ ತೆರೆಯಲಿಲ್ಲ. ಮೊದಲ ಶೋ ರದ್ದಾಯಿತು. ಈಗ ಎರಡು ದಿನ ಮುಂಚೆ ಸರ್ವರ್‌ನ ಸೀರಿಯಲ್ ನಂಬರಿನ ಫೋಟೋ ತರಿಸುತ್ತೇನೆ, ಕೀ ಅವಧಿಯನ್ನು ಹಿಂದಿನ ದಿನದಿಂದಲೇ ಶುರು ಮಾಡಿಸಿ ಹತ್ತು ನಿಮಿಷ ಓಡಿಸಿ ನೋಡಲು ಹೇಳುತ್ತೇನೆ.

ಪ್ರಚಾರದ ಹಣದಲ್ಲಿ ಮೂರನೇ ಒಂದು ಭಾಗವನ್ನು ಬಿಡುಗಡೆಯಾಗುವವರೆಗೆ ಮುಟ್ಟಲಿಲ್ಲ. ಶನಿವಾರ ರಾತ್ರಿಯ ಲೆಕ್ಕ ನೋಡಿ, ಟಿಕೆಟ್ ಏರುತ್ತಿದ್ದ ಕಡೆಗಳಿಗೆ ಮಾತ್ರ ಅದನ್ನು ಸುರಿದೆ. ಬಿದ್ದ ಕಡೆ ಎತ್ತಲು ಹೋಗಲಿಲ್ಲ. 40ರಷ್ಟು ಪರದೆಗಳಲ್ಲಿ 33 ಎರಡನೇ ವಾರಕ್ಕೂ ಉಳಿದವು. ಹಿಂದಿನ ಚಿತ್ರದಲ್ಲಿ ಉಳಿದದ್ದು ಒಂಬತ್ತು.