ಕೆಂಪು ದಾರ, ಎರಡು ಗಂಟು: ಕೊರೊನಾ ಕಾಲದಲ್ಲಿ ನಮ್ಮ ವಾರ್ಡಿನ ಕಸ

ಯುಗಾದಿಯ ಮಾರನೆಯ ದಿನ ಅಂದರೆ ಕಸದ ಕೆಲಸದವರಿಗೆ ಕೈ ತುಂಬ ಕೆಲಸ. ಬಾಡಿದ ಮಾವಿನ ಸೊಪ್ಪು, ಬೇವಿನ ಕಡ್ಡಿ, ಊಟದ ಎಲೆ, ಹೂವು, ಹೊಸ ಬಟ್ಟೆಯ ಡಬ್ಬ, ಎಣ್ಣೆ ಕವರು. ಆಟೋಗಳು ಒಂದರ ಹಿಂದೊಂದು ತುಂಬಿಕೊಂಡು ಬರುತ್ತವೆ.

2020ರ ಯುಗಾದಿ ಮಾರ್ಚ್ 25ಕ್ಕೆ ಬಂತು. ಲಾಕ್‌ಡೌನ್ ಶುರುವಾಗಿದ್ದೂ ಅದೇ ದಿನ. ಮಾರನೆಯ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಮೊದಲ ಆಟೋ ಬಂತು. ಹಿಂದಿನ ಬಾಗಿಲು ತೆಗೆದರೆ ಅರ್ಧವೂ ತುಂಬಿರಲಿಲ್ಲ. "ಎಲ್ಲಾ ಬೀದಿ ಮುಗೀತಕ್ಕ, ಇಷ್ಟೇ ಸಿಕ್ಕಿದ್ದು" ಅಂದ ಡ್ರೈವರ್ ಹುಡುಗ.

ನಾನು ಬೆಂಗಳೂರಿನ ದಕ್ಷಿಣ ಭಾಗದ ಒಂದು ವಾರ್ಡಿನಲ್ಲಿ ಒಣ ಕಸದ ಕೇಂದ್ರ ನಡೆಸುತ್ತೇನೆ. ಎರಡು ಆಟೋ, ಆಗ ಎಂಟು ಜನ ವಿಂಗಡಿಸುವವರು. ನಮ್ಮ ಶೆಡ್ಡಿನ ಪಕ್ಕದಲ್ಲೇ ಹಸಿ ಕಸದ ಆಟೋಗಳು ಕಾಂಪ್ಯಾಕ್ಟರಿಗೆ, ಅಂದರೆ ಕಸ ಒತ್ತಿ ತುಂಬುವ ಲಾರಿಗೆ, ಸುರಿಯುವ ಜಾಗ. ಹಾಗಾಗಿ ಹಸಿ, ಒಣ ಎರಡೂ ನನ್ನ ಕಣ್ಣೆದುರೇ ಹಾದುಹೋಗುತ್ತವೆ.

ದಿನಕ್ಕೆ 4,000 ಟನ್‌ಗೂ ಜಾಸ್ತಿ ಕಸ ಹುಟ್ಟುವ ಊರು ಇದು. ಲಾಕ್‌ಡೌನಿನ ಮೊದಲ ವಾರಗಳಲ್ಲಿ ಆ ಲೆಕ್ಕ ಕೆಳಗಿಳಿಯಿತು. ಎಲ್ಲರೂ ಅದನ್ನೇ ಮಾತಾಡಿದರು, ಕಸ ಕಡಿಮೆಯಾಯ್ತು, ಊರು ಸ್ವಚ್ಛವಾಯ್ತು ಅಂತ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಅದೇ ವಾರ ನಮ್ಮ ಇನ್ನೊಂದು ಆಟೋ, ಸ್ವಂತ ಮನೆಗಳ ಬೀದಿಗೆ ಹೋದದ್ದು, ತುಂಬಿ ಚೆಲ್ಲುವಂತೆ ಬಂದಿತ್ತು.

ಆವತ್ತಿನವರೆಗೆ ತೂಕದ ಪುಸ್ತಕದಲ್ಲಿ ನಾನು ಬರೆಯುತ್ತಿದ್ದದ್ದು ರಟ್ಟು ಎಷ್ಟು, ಪೇಪರ್ ಎಷ್ಟು, ಪೆಟ್ ಬಾಟಲಿ ಎಷ್ಟು ಅಂತ ಮಾತ್ರ. ಯಾವ ಬೀದಿಯಿಂದ ಎಷ್ಟು ಬಂತು ಅನ್ನುವ ಲೆಕ್ಕ ಇರಲಿಲ್ಲ. ಅದನ್ನು ಹಿಡಿಯಬೇಕು ಅನ್ನಿಸಿತು. ಪೇಟೆ ಮುಚ್ಚಿತ್ತು, ಚೀಟಿ ಅಂಟಿಸೋಣ ಅಂದರೆ ಅದೂ ಸಿಗುವಂತಿರಲಿಲ್ಲ. ಮನೆಯಲ್ಲಿ ಹೊಲಿಗೆ ಕೆಲಸಕ್ಕೆ ತಂದಿಟ್ಟಿದ್ದ ದಾರದ ಉಂಡೆಗಳಿದ್ದವು. ಪಿ.ಜಿ.ಗಳ (ಖಾಸಗಿ ಹಾಸ್ಟೆಲುಗಳ) ಬೀದಿಯ ಚೀಲಕ್ಕೆ ಕೆಂಪು ದಾರ, ಸ್ವಂತ ಮನೆಗಳ ಬೀದಿಗೆ ಹಸಿರು, ಅಂಗಡಿ ಸಾಲಿಗೆ ನೀಲಿ, ವಠಾರಗಳ ಕಡೆಗೆ ಬಿಳಿ. ಆಟೋದಲ್ಲೇ ಹುಡುಗರು ಕಟ್ಟಿಕೊಂಡು ಬರುತ್ತಿದ್ದರು. ಇಲ್ಲಿ ಬಣ್ಣ ನೋಡಿ ತೂಗಿ, ಆ ಬಣ್ಣದ ಪುಟದಲ್ಲಿ ಬರೆಯುವುದು. ಅಷ್ಟೇ ಕೆಲಸ.

ಎರಡು ವಾರ ಬರೆದ ಮೇಲೆ ಪುಸ್ತಕ ಬೇರೆಯೇ ಕಥೆ ಹೇಳಿತು.

ಕೆಂಪು ದಾರ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಬಿಟಿಎಂ ಲೇಔಟ್ ಕಡೆಯ ಪಿ.ಜಿ.ಗಳನ್ನು ನೋಡಿದವರಿಗೆ ಗೊತ್ತು, ಒಂದೊಂದು ಕಟ್ಟಡದಲ್ಲಿ ಎಷ್ಟು ಮಕ್ಕಳು ಇರುತ್ತಾರೆ ಅಂತ. ಮಾರ್ಚ್ ಮಧ್ಯದಲ್ಲಿ ಮಾಲು, ಥಿಯೇಟರ್, ಕಾಲೇಜು ಮುಚ್ಚಿದಾಗಲೇ ಅರ್ಧ ಜನ ಬ್ಯಾಗು ಹಿಡಿದು ಊರಿಗೆ ಹೋಗಿದ್ದರು. ನೀಲಿ ದಾರವೂ ಇಳಿಯಿತು. ದಿನಸಿ ಅಂಗಡಿ, ಮೆಡಿಕಲ್ ಸ್ಟೋರು, ಹಾಲಿನ ಬೂತು ಬಿಟ್ಟರೆ ಬೇರೆ ಅಂಗಡಿಯ ರಟ್ಟು ಇಲ್ಲವೇ ಇಲ್ಲ. ಹಸಿರು ದಾರ ಏರುತ್ತಲೇ ಹೋಯಿತು. ಅದು ನಿರೀಕ್ಷೆ ಮಾಡಿದ್ದೇ. ಮನೆಮಂದಿಯೆಲ್ಲ ಮೂರು ಹೊತ್ತೂ ಮನೆಯಲ್ಲೇ. ಆಫೀಸಿನ ಕ್ಯಾಂಟೀನಿನಲ್ಲಿ ಬೀಳುತ್ತಿದ್ದ ಕಸ ಈಗ ಮನೆಯ ಡಬ್ಬಿಗೆ ಬೀಳುತ್ತಿತ್ತು. ಪಕ್ಕದ ಹಸಿ ಕಸದ ಆಟೋಗಳಲ್ಲೂ ಕಲ್ಲಂಗಡಿ ಸಿಪ್ಪೆ, ಆಮೇಲೆ ಮಾವಿನ ಓಟೆ, ಹಲಸಿನ ಸಿಪ್ಪೆ. ಬೇಸಿಗೆಯ ಕಸವೇ ಭಾರ, ಅದರಲ್ಲೂ ಆ ವರ್ಷ ಎಲ್ಲರೂ ಮನೆಯಲ್ಲಿ. ಊರಿನ ಒಟ್ಟು ಲೆಕ್ಕ ಇಳಿದದ್ದು ಹೋಟೆಲು, ಕಲ್ಯಾಣ ಮಂಟಪ, ಆಫೀಸು, ಮಾರುಕಟ್ಟೆಗಳಿಂದ. ಕೆ.ಆರ್. ಮಾರ್ಕೆಟ್ ತಿಂಗಳುಗಟ್ಟಲೆ ಮುಚ್ಚಿತ್ತು. ನಮ್ಮಂಥ ಬೀದಿಗಳಲ್ಲಿ ಏರಿದ್ದು ಆ ದೊಡ್ಡ ಇಳಿತದ ಕೆಳಗೆ ಕಾಣಿಸದೇ ಹೋಯಿತು.

ನನಗೆ ಅರ್ಥವಾಗದೇ ಇದ್ದದ್ದು ಬಿಳಿ ದಾರವೂ ಏರಿದ್ದು. ವಠಾರದ ಜನ ಅಂದರೆ ದಿನಗೂಲಿಯವರು, ಗಾರ್ಮೆಂಟ್ಸ್‌ಗೆ ಹೋಗುವವರು. ಕೆಲಸ ಇಲ್ಲ, ಕೈಯಲ್ಲಿ ದುಡ್ಡಿಲ್ಲ. ಖರ್ಚು ಇಲ್ಲದ ಮನೆಯಲ್ಲಿ ಒಣ ಕಸ ಹೇಗೆ ಜಾಸ್ತಿ ಆಗುತ್ತದೆ? ಒಂದು ದಿನ ಬಿಳಿ ದಾರದ ಚೀಲವನ್ನು ನಾನೇ ಬಿಚ್ಚಿ ಕೂತೆ. ಹಳೇ ಪೇಪರು, ಖಾಲಿ ಎಣ್ಣೆ ಡಬ್ಬ, ಗಾಜಿನ ಬಾಟಲಿ, ಮುರಿದ ಬಕೆಟ್ಟು, ಒಂದು ತುಂಡು ಕಬ್ಬಿಣದ ಸರಳು. ಕೈ ಅಲ್ಲೇ ನಿಂತಿತು. ಇದು ಕಸ ಅಲ್ಲ, ಗುಜರಿಗೆ ಹಾಕಿ ದುಡ್ಡು ತಗೊಳ್ಳುವ ಮಾಲು! ಯಾರೂ ಇದನ್ನು ನಮಗೆ ಪುಕ್ಕಟೆ ಕೊಡುವುದಿಲ್ಲ.

ಗುಜರಿ ಅಂಗಡಿ ಮುಚ್ಚಿತ್ತು. ತಳ್ಳುಗಾಡಿಯಲ್ಲಿ "ಹಳೇ ಪೇಪರ್, ಹಳೇ ಕಬ್ಣಾ" ಅಂತ ಕೂಗಿಕೊಂಡು ಬರುವವರು ಇರಲಿಲ್ಲ. ಬೆಳಗಿನ ಜಾವ ಚೀಲ ಹೆಗಲಿಗೆ ಹಾಕಿಕೊಂಡು ಆಯುವ ಹೆಂಗಸರು ರಸ್ತೆಗಿಳಿಯುವ ಹಾಗಿರಲಿಲ್ಲ. ಇವರೆಲ್ಲ ಸೇರಿ ಪ್ರತಿದಿನ ಬೀದಿಯಿಂದ ಎಷ್ಟು ಎತ್ತುತ್ತಿದ್ದರು ಅನ್ನುವುದು ಪಾಲಿಕೆಯ ಯಾವ ತೂಕದ ಚೀಟಿಯಲ್ಲೂ ಬರುತ್ತಿರಲಿಲ್ಲ. ಅವರು ನಿಂತ ಮೇಲೆ ಅದೆಲ್ಲ ನಮ್ಮ ತಕ್ಕಡಿಗೆ ಬಂತು. ವಠಾರದಲ್ಲಿ ಕಸ ಜಾಸ್ತಿ ಹುಟ್ಟಿರಲಿಲ್ಲ. ಮೊದಲಿನಿಂದ ಅಷ್ಟೇ ಇತ್ತು, ಲೆಕ್ಕಕ್ಕೆ ಬಂದದ್ದು ಮಾತ್ರ ಈಗ. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದೂ, ಆಯುವವರು ಈ ಊರಿಗೆ ಮಾಡುವ ಉಪಕಾರ ಎಷ್ಟು ದೊಡ್ಡದು ಅಂತ ನನಗೆ ತೂಕದಲ್ಲಿ ಗೊತ್ತಾದದ್ದು ಆ ಬಿಳಿ ದಾರದಿಂದ.

ಬಂದ ಕಸ ಹೊರಗೆ ಹೋಗಬೇಕಲ್ವಾ? ಅದೇ ಆಗಲಿಲ್ಲ. ಗುಜರಿ ವ್ಯಾಪಾರದ ಜಾಲಿ ಮೊಹಲ್ಲಾದಲ್ಲಿ ಗೋದಾಮುಗಳಿಗೆ ಬೀಗ. ನಾಯಂಡಹಳ್ಳಿಯಲ್ಲಿ ಪ್ಲಾಸ್ಟಿಕ್ ತೊಳೆದು ಕಾಳು ಮಾಡುವ ಯಂತ್ರಗಳು ನಿಂತಿದ್ದವು. ಚಿಪ್ಸ್ ಕವರಿನಂಥ ಬೆಲೆಯಿಲ್ಲದ ಪ್ಲಾಸ್ಟಿಕ್ ಉರುವಲಾಗಿ ಸಿಮೆಂಟ್ ಕಾರ್ಖಾನೆಗೆ ಹೋಗುತ್ತಿತ್ತು, ಅದಕ್ಕೆ ಲಾರಿ ಇರಲಿಲ್ಲ. ಮೇಲಿಂದ ಇನ್ನೊಂದು ಪೆಟ್ಟು. ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ದರ, ಅಂದರೆ ಮುಂದೆ ಕೊಡುವ ಮಾಲಿಗೆ ಈಗಲೇ ನಿಗದಿ ಮಾಡುವ ಬೆಲೆ, ಸೊನ್ನೆಗಿಂತ ಕೆಳಗಿಳಿಯಿತು. ನಮಗೇನು ಅಂತ ಅನ್ನಿಸಬಹುದು. ಪ್ಲಾಸ್ಟಿಕ್ ಹುಟ್ಟುವುದೇ ತೈಲದಿಂದ. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗ. ಹೊಸದೇ ಅಗ್ಗಕ್ಕೆ ಸಿಕ್ಕರೆ ಹಳೆಯದನ್ನು ಯಾರು ಕೊಳ್ಳುತ್ತಾರೆ? ಮತ್ತೆ ಪೇಟೆ ತೆರೆದಾಗ ನಮ್ಮ ಪೆಟ್ ಬೇಲುಗಳಿಗೆ, ಅಂದರೆ ಒತ್ತಿ ಕಟ್ಟಿದ ಬಾಟಲಿ ಮೂಟೆಗಳಿಗೆ, ಹಳೇ ಬೆಲೆ ಸಿಗಲಿಲ್ಲ.

ಇದರ ನಡುವೆ ಮಾಸ್ಕು. ಮಾಮೂಲಿ ಮನೆಗಳಲ್ಲಿ ಬಳಸಿದ ಮಾಸ್ಕು, ಗ್ಲೌಸನ್ನು ಪೇಪರ್ ಚೀಲದಲ್ಲಿ 72 ಗಂಟೆ ಇಟ್ಟು, ಯಾರೂ ಮತ್ತೆ ಬಳಸದ ಹಾಗೆ ಕತ್ತರಿಸಿ ಕೊಡಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ಹಾಗೆ ಕೊಟ್ಟ ಮನೆಗಳು ತೀರಾ ಕಡಿಮೆ. ಹಾಗಾಗಿ ಆ ಮೂರು ದಿನವನ್ನು ನಾವೇ ಕಾಯೋಣ ಅಂತ ತೀರ್ಮಾನ ಮಾಡಿದೆ. ಶೆಡ್ಡಿನ ನೆಲಕ್ಕೆ ಸುಣ್ಣದ ಪುಡಿಯಲ್ಲಿ ನಾಲ್ಕು ಚೌಕ ಎಳೆದೆವು. ಇವತ್ತು ಬಂದದ್ದು ಮೊದಲನೆಯದಕ್ಕೆ, ನಾಳೆಯದು ಎರಡನೆಯದಕ್ಕೆ. ನಾಲ್ಕನೆಯ ದಿನ ಮೊದಲ ಚೌಕದ ಚೀಲ ಬಿಚ್ಚುವುದು. ಉದ್ದ ಕೋಲಿನ ಇಕ್ಕಳದಲ್ಲಿ ಮೊದಲು ಮಾಸ್ಕು ಹೆಕ್ಕಿ, ಆಮೇಲೆ ಕೈ ಹಾಕುವುದು. ಜಾಗವೆಲ್ಲ ಚೌಕಗಳೇ ತಿಂದವು. ಮಾರಾಟವಾಗದ ಬೇಲುಗಳನ್ನು ಹೊರಗೆ ಟಾರ್ಪಾಲ್ ಹಾಕಿ ಇಟ್ಟೆವು. ಏಪ್ರಿಲ್‌ನಲ್ಲಿ ಒಂದು ಸಂಜೆ ಮಳೆ ಬಂದು ರಟ್ಟೆಲ್ಲ ನೆನೆದು ಹಾಳಾಯಿತು. ಎಂಟು ಜನರಲ್ಲಿ ಉಳಿದದ್ದು ಮೂರು. ಕೊಲ್ಕತ್ತಾ ಕಡೆಯವರು ಶ್ರಮಿಕ್ ರೈಲು ಹತ್ತಿ ಹೋದರು. ಹೋಗುವ ಮುಂಚೆ ಬಂದು ಇಕ್ಕಳಗಳನ್ನೆಲ್ಲ ತೊಳೆದಿಟ್ಟು ಹೋದರು.

ಏಪ್ರಿಲ್ ಕೊನೆಯ ಒಂದು ದಿನ ನಾನು ಮರೆಯುವುದಿಲ್ಲ. ಕ್ವಾರಂಟೈನ್ ಮನೆಗಳ ಕಸ ಹಳದಿ ಕವರಿನಲ್ಲಿ ಬೇರೆಯಾಗಿ ಹೋಗಬೇಕಿತ್ತು, ಅದಕ್ಕೆ ಬೇರೆ ಗಾಡಿ. ಒಂದು ಮನೆಗೆ ಆ ಗಾಡಿ ಎಷ್ಟೋ ದಿನ ಬಂದಿರಲಿಲ್ಲ. ಅವರು ಕಾದು ಕಾದು, ಹಳದಿ ಕವರನ್ನು ಕಪ್ಪು ಕವರಿನೊಳಗೆ ಹಾಕಿ ನಮ್ಮ ಆಟೋಗೆ ಕೊಟ್ಟುಬಿಟ್ಟರು. ನಮ್ಮಲ್ಲಿ ಹಿರಿಯಕ್ಕ ಒಬ್ಬರಿದ್ದಾರೆ, ರಾಯಚೂರು ಕಡೆಯವರು, ಸಕ್ಕರೆ ಕಾಯಿಲೆ ಬೇರೆ. ಅವರ ಇಕ್ಕಳಕ್ಕೇ ಅದು ಸಿಕ್ಕಿತು. ಎಳೆದ ರಭಸಕ್ಕೆ ಕವರು ಹರಿದು ಮಾಸ್ಕು, ಟಿಶ್ಯೂ, ಮಾತ್ರೆ ಪಟ್ಟಿ ಎಲ್ಲಾ ಅವರ ಕಾಲ ಮೇಲೆ ಬಿತ್ತು. ಆ ಅಕ್ಕ ಅಳಲಿಲ್ಲ, ಕೂಗಲಿಲ್ಲ. ಇಕ್ಕಳ ಕೆಳಗಿಟ್ಟು "ಮನೀಗೆ ಹ್ಯಾಂಗ ಹೋಗ್ಲಿ ಈಗ, ಮೊಮ್ಮಗಳು ಐತಿ" ಅಂದರು. ಹದಿನಾಲ್ಕು ದಿನ ಅವರು ನಮ್ಮ ಶೆಡ್ಡಿನ ಹಿಂದಿನ ಕೋಣೆಯಲ್ಲೇ ಇದ್ದರು. ಏನೂ ಆಗಲಿಲ್ಲ. ಆ ಹದಿನಾಲ್ಕು ರಾತ್ರಿ ನನಗೂ ನಿದ್ದೆ ಇರಲಿಲ್ಲ.

ಆ ಮನೆಯವರ ಮೇಲೆ ಸಿಟ್ಟು ಬಂದದ್ದು ನಿಜ. ಮಾರನೆಯ ದಿನ ಹೋಗಿ ಗೇಟಿನ ಆಚೆ ನಿಂತು ಕೇಳಿದೆ. ಆ ಅಮ್ಮ ಕಿಟಕಿಯಿಂದಲೇ ಕೈ ಮುಗಿದರು. "ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ ಕಣಮ್ಮಾ, ಹಾಲಿನವನೂ ಬರಲ್ಲ. ಹಳದಿ ಕವರ್ ಹೊರಗಿಟ್ಟರೆ ಬೀದಿಯೆಲ್ಲ ನೋಡುತ್ತೆ" ಅಂದರು. ಸಿಟ್ಟು ಅಲ್ಲೇ ಇಳಿಯಿತು. ಅವರು ಬಚ್ಚಿಟ್ಟದ್ದು ಕಸವನ್ನಲ್ಲ, ಕಾಯಿಲೆಯನ್ನು.

ಅವತ್ತೇ ಎರಡು ಗಂಟು ಶುರುವಾಯಿತು. ಪ್ರತಿ ಮನೆಗೂ ಹೋಗಿ ಹೇಳಿದೆವು: ಯಾರಿಗೆ ಏನು ಅಂತ ನಮಗೆ ಹೇಳಬೇಡಿ, ನಾವೂ ಕೇಳುವುದಿಲ್ಲ. ಮನೆಯಲ್ಲಿ ಹುಷಾರಿಲ್ಲದವರು ಇದ್ದರೆ ಕವರಿನ ಬಾಯಿಗೆ ಎರಡು ಗಂಟು ಹಾಕಿ. ಎರಡು ಗಂಟಿನ ಕವರನ್ನು ಹುಡುಗರು ಆಟೋದ ಪಕ್ಕದ ಕೊಕ್ಕೆಗೆ ನೇತು ಹಾಕುತ್ತಿದ್ದರು, ಒಳಗೆ ಹಾಕುತ್ತಿರಲಿಲ್ಲ. ಇಲ್ಲಿ ಬಂದ ಮೇಲೆ ಅದನ್ನು ಬಿಚ್ಚದೆ ಹಳದಿ ಡ್ರಮ್ಮಿಗೆ ಹಾಕಿ, ಗಾಡಿಗೆ ಫೋನ್ ಮಾಡುವುದು ನನ್ನ ಕೆಲಸ. ಕೊಡುವವರಿಗೆ ನಾಚಿಕೆ ಇಲ್ಲ, ಎತ್ತುವವರಿಗೆ ಅಪಾಯ ಕಡಿಮೆ. ಆಮೇಲೆ ಹಳದಿ ಕವರು ನಮ್ಮ ಚೌಕಕ್ಕೆ ಬರಲಿಲ್ಲ.

ಮೇ 4ಕ್ಕೆ ಮದ್ಯದಂಗಡಿ ತೆರೆದವು. ಎರಡೇ ದಿನಕ್ಕೆ ಶೆಡ್ಡಿನ ಮೂಲೆ ಪೂರ್ತಿ ಬಾಟಲಿ. ಮೇ 18ರ ನಂತರ ಆನ್‌ಲೈನ್ ಅಂಗಡಿಗಳು ಎಲ್ಲಾ ಸಾಮಾನು ಕಳಿಸಲು ಶುರು ಮಾಡಿದವು, ಆಗ ರಟ್ಟು ಉಕ್ಕಿ ಬಂತು, ಅದೂ ಹಸಿರು ದಾರದಲ್ಲಿ. ಅಂಗಡಿ ಸಾಲಿನ ರಟ್ಟು ಮನೆ ಬಾಗಿಲಿಗೆ ಬಂದಿತ್ತು. ನ್ಯೂಸ್‌ಪೇಪರ್ ಮಾತ್ರ ಏರಲೇ ಇಲ್ಲ. ಭಯಕ್ಕೆ ನಿಲ್ಲಿಸಿದ ಮನೆಗಳು ಮತ್ತೆ ಹಾಕಿಸಿಕೊಳ್ಳಲಿಲ್ಲ. ಪಾರ್ಸೆಲ್ ಊಟದ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳ ಬಗ್ಗೆ ಹೇಳಲೇಬೇಕು. ಜೂನ್ 8ಕ್ಕೆ ಹೋಟೆಲಿನಲ್ಲಿ ಕೂತು ತಿನ್ನಬಹುದು ಅಂತಾದ ಮೇಲೂ ಜನ ಪಾರ್ಸೆಲ್ ಬಿಡಲಿಲ್ಲ. ಸಾರು ಮೆತ್ತಿದ ಆ ಡಬ್ಬಿಯನ್ನು ತೊಳೆಯದೆ ಕೊಟ್ಟರೆ ಜೊತೆಗಿರುವ ಒಳ್ಳೆಯ ಪೇಪರೂ ಹಾಳು. ಒಂದು ಲೋಟ ನೀರಲ್ಲಿ ಅಲ್ಲಾಡಿಸಿ ಕೊಡಿ ಅಂತ ಈಗಲೂ ಕೇಳುತ್ತಿದ್ದೇನೆ.

2021ರ ಏಪ್ರಿಲ್ ಬೇರೆ ಥರ. ಕಸದ ತೂಕ ಹಿಂದಿನ ವರ್ಷದಷ್ಟು ಏರುಪೇರಾಗಲಿಲ್ಲ. ಎರಡು ಗಂಟಿನ ಕವರುಗಳು ಮಾತ್ರ ಎಣಿಸಲಾರದಷ್ಟು. ಕೊಕ್ಕೆ ಸಾಲದೆ ಆಟೋಗೆ ಅಡ್ಡ ಕಂಬಿ ಬೆಸೆಸಿದೆವು. ಏಪ್ರಿಲ್ 27ಕ್ಕೆ ರಾಜ್ಯದಲ್ಲಿ ಮತ್ತೆ ಎಲ್ಲಾ ಮುಚ್ಚುವಷ್ಟರಲ್ಲಿ, ಯಾವ ಬೀದಿಯಲ್ಲಿ ಕಾಯಿಲೆ ಹಬ್ಬಿದೆ ಅಂತ ನಮ್ಮ ಕಂಬಿ ನೋಡಿದರೇ ತಿಳಿಯುತ್ತಿತ್ತು.

ಮೇ ತಿಂಗಳ ಕೊನೆಯಿಂದ ಹಾಸಿಗೆಗಳು ಬರತೊಡಗಿದವು. ಹತ್ತಿಯ ಹಾಸಿಗೆ, ದಿಂಬು, ಮಡಿಸಿದ ಸೀರೆಗಳ ಗಂಟು, ಊರುಗೋಲು. ಮನೆಯವರು ಗೇಟಿನ ಹೊರಗೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು. ನಮ್ಮ ಆಟೋ ಹಾಸಿಗೆ ಎತ್ತುವುದಿಲ್ಲ, ಅದು ನಿಯಮ. ಆ ಒಂದು ತಿಂಗಳು ಎತ್ತಿದೆವು. ಹಿರಿಯಕ್ಕ ಪ್ರತಿ ಹಾಸಿಗೆಯನ್ನೂ ಇಳಿಸುವ ಮುಂಚೆ ಒಂದು ಕ್ಷಣ ಕೈ ಜೋಡಿಸುತ್ತಿದ್ದರು. ಪುಸ್ತಕದಲ್ಲಿ ಅದಕ್ಕೆ ಅಂಕಣ ಇರಲಿಲ್ಲ. ನಾನೂ ತೂಗಲಿಲ್ಲ.

ಕೆಂಪು ದಾರದ ಉಂಡೆ ಅಷ್ಟು ದಿನವೂ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು. ನಡುವೆ ಸ್ವಲ್ಪ ದಿನ ಬಿಚ್ಚಿದೆವು, ಮತ್ತೆ ಒಳಗಿಟ್ಟೆವು. 2022ರಲ್ಲಿ ಆಫೀಸುಗಳು ಕರೆದವು. ಒಂದೊಂದೇ ಪಿ.ಜಿ.ಯ ಮುಂದೆ ಟು-ಲೆಟ್ ಬೋರ್ಡು ಇಳಿಯಿತು. ಮೊದಲು ಬಂದದ್ದು ಹೊಸ ಬಕೆಟ್ಟಿನ ಲೇಬಲ್ಲು, ದಿಂಬಿನ ಕವರು, ನೂಡಲ್ಸ್ ಪಾಕೀಟು. ಆಮೇಲೆ ಆಟೋ ಆ ಬೀದಿಗೆ ಎರಡನೇ ಟ್ರಿಪ್ ಹೋಗಬೇಕಾಯಿತು. ಒಂದು ಬೆಳಿಗ್ಗೆ ಅದೇ ಡ್ರೈವರ್ ಹುಡುಗ ಖಾಲಿ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟ.

"ಅಕ್ಕಾ, ಕೆಂಪು ದಾರ ಮುಗೀತು. ಈ ಸಲ ದೊಡ್ಡ ಉಂಡೆ ತನ್ನಿ."